ಶಿಕಾಗೋದ ಉಸ್ತಾದ್, ಉಳ್ಳಾಲದ ಹಮೀದ್

ಹಮೀದ್ ನಮ್ಮ ಮನೆಗೆ ಬಂದರೆ ಮೊದಲ ಸಲಾಂ ಕಿಟಕಿಯ ಎಸಿಗೆ. ಚಪ್ಪಲಿ ಬಿಟ್ಟು ಒಳಗೆ ಬಂದವರೇ ನೇರ ಹೋಗಿ ಅದರ ಮೈಮೇಲೆ ಅಂಗೈ ಇಟ್ಟು, ಜ್ವರ ನೋಡುವ ಡಾಕ್ಟರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ತುಂಬ ಬೇಸರದ ಮುಖ ಮಾಡಿ, "ಬಾಯಮ್ಮ, ನಿಮ್ಮ ಎಸಿ ಎಳೀತಾ ಉಂಟು. ಇದಕ್ಕೆ ಕುಣಿಯಲಿಕ್ಕೆ ಆಗುದಿಲ್ಲ" ಎನ್ನುತ್ತಿದ್ದರು.

"ಎಸಿ ಇರುವುದು ತಂಪಿಗೆ, ಬ್ಯಾರಿ" ಅಂತ ನನ್ನ ಗಂಡ ವಾಲ್ಟರ್ ಪೇಪರಿನ ಹಿಂದಿನಿಂದಲೇ ಹೇಳುತ್ತಿದ್ದರು. "ಕುಣಿಯಲಿಕ್ಕೆ ಯಾರೂ ಕರೆಂಟ್ ಬಿಲ್ ಕಟ್ಟುದಿಲ್ಲ."

"ಪೊರ್ಬುಗಳೇ, ಓಡುವ ಯಾವ ವಸ್ತುವಿಗೂ ಒಂದು ತಾಳ ಉಂಟು. ನಿಮ್ಮ ರಿಫೈನರಿಗೂ ಉಂಟು. ನೀವು ಕಿವಿ ಕೊಡುದಿಲ್ಲ, ಅಷ್ಟೇ."

ನಮ್ಮ ಕರಾವಳಿಯಲ್ಲಿ ಹಾಗೇ: ಕ್ರಿಶ್ಚಿಯನ್ ಹೆಂಗಸು ಬಾಯಮ್ಮ, ಗಂಡಸು ಪೊರ್ಬು, ಮುಸಲ್ಮಾನ ಬ್ಯಾರಿ. ಬಹ್ರೇನಿಗೆ ಬಂದು ಎಷ್ಟು ವರ್ಷ ಆದರೂ ಆ ಹೆಸರುಗಳನ್ನು ನಾವು ಕಸ್ಟಮ್ಸಿನಲ್ಲಿ ಬಿಟ್ಟು ಬರಲಿಲ್ಲ. ವಾಲ್ಟರಿಗೆ ಸಿತ್ರಾದ ರಿಫೈನರಿಯಲ್ಲಿ ಶಿಫ್ಟ್ ಕೆಲಸ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಪಿಯಾನೋ ಕಲಿತವಳು. ಇಲ್ಲಿ ಒಂದು ಸ್ಕೂಲಿನಲ್ಲಿ ಮಕ್ಕಳಿಗೆ ಮ್ಯೂಸಿಕ್, ಇಗರ್ಜಿಯ ಕ್ವಾಯರಿಗೆ ಆರ್ಗನ್. ಹಮೀದ್ ಉಳ್ಳಾಲದವರು. ಮನಾಮಾದ ಒಂದು ಗಲ್ಲಿಯಲ್ಲಿ ಅವರ ಮೈಕ್ ಅಂಗಡಿ. ಮದುವೆಗೆ, ಮೌಲೂದಿಗೆ, ಕನ್ನಡದವರ ಫಂಕ್ಷನ್ನಿಗೆ, ನಮ್ಮ ಪ್ಯಾರಿಷ್ ಫೀಸ್ಟಿಗೆ, ಎಲ್ಲದಕ್ಕೂ ಸ್ಪೀಕರ್ ಅವರದ್ದೇ. ಎತ್ತರದ ತೆಳ್ಳಗಿನ ಮನುಷ್ಯ. ಕಿಸೆಯಲ್ಲಿ ಯಾವಾಗಲೂ ಇನ್ಸುಲೇಶನ್ ಟೇಪಿನ ಒಂದು ಉಂಡೆ. ನಮ್ಮ ಮನೆಯ ಟೆಲಿಫೋನ್ ವೈರಿನಿಂದ ಹಿಡಿದು ವಾಲ್ಟರ ಕನ್ನಡಕದವರೆಗೆ ಎಲ್ಲಕ್ಕೂ ಆ ಉಂಡೆಯೇ ಔಷಧಿ.

ಇಂಥವರಿಗೆ ಶಿಕಾಗೋದಲ್ಲಿ ಒಬ್ಬ ಗುರು ಸಿಕ್ಕಿದ್ದು ಎಂಬತ್ತರ ದಶಕದಲ್ಲಿ. ಹಾಗೆ ಸಿಕ್ಕಿದ್ದು ಆ ಗುರುವಿಗೆ ಮಾತ್ರ ಗೊತ್ತಿರಲಿಲ್ಲ.

ಅಮೆರಿಕದ ನೇವಿಯ ಒಬ್ಬ ಸೈಲರ್ ರಿಪೇರಿಗೆಂದು ಒಂದು ಟೂ-ಇನ್-ಒನ್ ತಂದುಕೊಟ್ಟು ಹೋಗಿದ್ದ. ಒಳಗೆ ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತ್ತು. ಹಮೀದ್ ಅದನ್ನು ಬಿಡಿಸಿ, ಸರಿಯಾಗಿದೆಯಾ ಅಂತ ನೋಡಲು ಹಾಕಿದರು. ಮಧ್ಯಾಹ್ನದ ಊಟಕ್ಕೆ ಅರ್ಧ ಇಳಿಸಿದ ಶಟರ್ ಸಂಜೆಯವರೆಗೂ ಹಾಗೇ ಇತ್ತಂತೆ. ಸೈಲರ್ ಬಂದು ಶಟರ್ ಬಡಿದಾಗ ಇವರು ಅವನ ಕೈ ಹಿಡಿದುಕೊಂಡು, "ಇದು ಯಾರು? ಇದು ಯಾರು?" ಅಂತ ಕೇಳಿದರಂತೆ.

ಅವನ ಊರಿನವರೇ, ಒಬ್ಬ ಪ್ರೊಡ್ಯೂಸರ್. ಡಿಸ್ಕೋ ಸತ್ತಿತು ಅಂತ ಎಲ್ಲರೂ ಕೈ ತೊಳೆದುಕೊಂಡ ಹೊತ್ತಿಗೆ ಆ ಮನುಷ್ಯ ಹಳೆಯ ರೆಕಾರ್ಡುಗಳ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ, ಉದ್ದ ಎಳೆದು, ಅದರ ಕೆಳಗೆ ಯಾರಿಗೂ ಬೇಡವಾಗಿದ್ದ ಒಂದು ಅಗ್ಗದ ಮಿಶಿನಿನ ಡ್ರಮ್ ಕೂರಿಸಿದ್ದರು. ಬ್ಯಾಂಡ್ ಇಲ್ಲ, ಸ್ಟುಡಿಯೋ ಇಲ್ಲ. ಅದನ್ನು ಕೇಳಿದ ಊರಿನ ಹುಡುಗರೆಲ್ಲ ತಮ್ಮ ತಮ್ಮ ಬೆಡ್‌ರೂಮಿನಲ್ಲೇ ಕೂತು ಹಾಗೇ ಮಾಡಲು ಶುರುಮಾಡಿದರು. ಅದೇ ಮುಂದೆ ಹೌಸ್ ಮ್ಯೂಸಿಕ್ ಅಂತ ಲೋಕವೆಲ್ಲ ಕುಣಿದದ್ದು. ಸೈಲರ್ ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟುಹೋದ.

ಮರುದಿನವೇ ಹಮೀದ್ ನಮ್ಮ ಮನೆಯಲ್ಲಿ. ಅವತ್ತು ಎಸಿಗೂ ಸಲಾಂ ಇಲ್ಲ!

"ಕೇಳಿ ಬಾಯಮ್ಮ, ಕೇಳಿ. ನಾಲ್ಕು ಪೆಟ್ಟು. ನಾಲ್ಕೂ ಒಂದೇ ತೂಕ. ಒಂದು ಯಜಮಾನ, ಮೂರು ಆಳು ಅಂತ ಇಲ್ಲ."

ನಾನು ಕೇಳಿದೆ. ಧಂ ಧಂ ಧಂ ಧಂ. ಎಷ್ಟು ಹೊತ್ತಾದರೂ ಅದೇ. ಆನೆಸ್ಟ್‌ಲಿ, ಪಕ್ಕದ ಕಟ್ಟಡದಲ್ಲಿ ಪೈಲಿಂಗ್ ನಡೆಯುತ್ತಿದೆ ಅನ್ನಿಸಿತು. "ಹಾಡು ಯಾವಾಗ ಶುರುವಾಗ್ತದೆ, ಹಮೀದ್?"

"ಶುರುವಾಗಿ ಆಯ್ತಲ್ಲ, ಬಾಯಮ್ಮ! ಬಿಡಿ, ಓಡ್ಲಿ."

ಓಡಲು ಬಿಟ್ಟೆ. ಒಂದು ಚಪ್ಪಾಳೆ ಬಂತು. ಮತ್ತೆ ಕೆಳಸ್ವರದ ಬಾಸ್, ಬೆಕ್ಕು ಗೋಡೆ ಮೇಲೆ ನಡೆದ ಹಾಗೆ. ಆಮೇಲೆ ಏನಾಯಿತೋ, ಆ ಮನುಷ್ಯ ಎಲ್ಲವನ್ನೂ ತೆಗೆದುಬಿಟ್ಟರು. ಡ್ರಮ್ ಇಲ್ಲ, ಬಾಸ್ ಇಲ್ಲ. ಒಂದು ಪಿಯಾನೋ ಮಾತ್ರ, ಖಾಲಿ ಇಗರ್ಜಿಯಲ್ಲಿ ಯಾರೋ ಒಬ್ಬರೇ ಬಾರಿಸಿದ ಹಾಗೆ. ಮತ್ತೆ ಡ್ರಮ್ ಬಂದಾಗ, ಗುಡ್ ಹೆವೆನ್ಸ್, ನಾನು ಕುರ್ಚಿಯಿಂದ ಎದ್ದುನಿಂತಿದ್ದೆ. ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳುವ ಹೆಂಗಸು!

"ತೆಗೆದಾಗ ಗೊತ್ತಾಗುದು ಏನಿತ್ತು ಅಂತ" ಎಂದರು ಹಮೀದ್. ಆ ದಿನದಿಂದ ಆ ಶಿಕಾಗೋದವರು ಅವರಿಗೆ ಉಸ್ತಾದ್. "ನಾನು ಒಂದು ಮಾಡ್ತೇನೆ. ಒಂದೇ ಒಂದು. ಉಸ್ತಾದ್ ಅದನ್ನು ಕೇಳಿ, ಸರಿ ಉಂಟು, ಇಲ್ಲ ಅಂತ ಹೇಳ್ಬೇಕು. ಮತ್ತೆ ನನಗೆ ಏನೂ ಬೇಡ."

ಡ್ರಮ್ ಮಿಶಿನ್ ಹೇಗೋ ತರಿಸಿಕೊಂಡರು. ಪಿಯಾನೋಗೆ ನಾನು. ಆಗಸ್ಟ್ ತಿಂಗಳು. ಮೈಕಿಗೆ ಸದ್ದು ಬೀಳುತ್ತದೆ ಅಂತ ಎಸಿ ಆಫ್. ಬಹ್ರೇನಿನ ಆಗಸ್ಟಿನಲ್ಲಿ ಎಸಿ ಆಫ್ ಮಾಡುವುದು ಅಂದರೆ ಏನೂಂತ ಇಲ್ಲಿದ್ದವರಿಗೆ ಗೊತ್ತು.

"ಯಾವುದಾದರೂ ನಾಲ್ಕು ಕಾರ್ಡು ಬಾರಿಸಿ, ಬಾಯಮ್ಮ. ಯೋಚಿಸಬೇಡಿ."

ಯೋಚಿಸದೆ ಬಿಟ್ಟರೆ ನನ್ನ ಕೈ ಹೋಗುವುದು ಒಂದೇ ಜಾಗಕ್ಕೆ, ಇಗರ್ಜಿಗೆ. ವಾರವಾರ ಇಗರ್ಜಿಯ ಹಾಲಿನಲ್ಲಿ ನಾವು ಊಟದ ಮುಂಚೆ ಪ್ರಾರ್ಥನೆಗೆ ನಿಲ್ಲುವಾಗ ನಾನು ಬಾರಿಸುವ ಆ ನಾಲ್ಕು ಕಾರ್ಡುಗಳೇ, ಒಟ್ಟಿಗೆ ಒತ್ತುವ ನಾಲ್ಕು ಸ್ವರಗುಚ್ಛಗಳೇ, ಬಂದವು. ಕೊನೆಯದ್ದನ್ನು ನಾನು ತುಂಬಾ ಹೊತ್ತು ಹಿಡಿದಿಡುತ್ತೇನೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಾರಿಡಾರಿನ ಆ ತುದಿಗೆ ನಡೆದುಹೋಗಿ ವಾಪಸು ಬರುವವರೆಗೂ ಕೊನೆಯ ಕಾರ್ಡ್ ಬಿಡುವಂತಿರಲಿಲ್ಲ. ಹಮೀದಿಗೆ ಇದೆಲ್ಲ ಏನು ಗೊತ್ತು? "ಮಾಶಾಲ್ಲಾ, ಇದೇ ಬೇಕು!" ಎಂದರು.

ಅಷ್ಟರಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ವಾಲ್ಟರ್ ಬೆವರು ಸುರಿಸುತ್ತಾ ಲುಂಗಿಯಲ್ಲಿ ಹೊರಗೆ ಬಂದರು. "ಎಸಿ ಯಾರು ಆಫ್ ಮಾಡಿದ್ದು? ನಾನೇನು ಒಣಮೀನಾ?"

"ಶ್! ಒಣಮೀನು ಮಾತಾಡುದಿಲ್ಲ, ಪೊರ್ಬುಗಳೇ."

ವಾಲ್ಟರಿಗೆ ನಗು ಬಂದು ಕೆಮ್ಮಿದರು. ಆ ಕೆಮ್ಮು ಟೇಪಿನಲ್ಲಿ ಉಳಿದುಹೋಯಿತು. ಹಮೀದ್ ಅದನ್ನು ಅಳಿಸಲಿಲ್ಲ. ವಾಲ್ಟರ್ ಹೋಗಿ ಹನ್ನೊಂದು ವರ್ಷ; ಅವರ ಸ್ವರ ಅಂತ ನನ್ನ ಹತ್ತಿರ ಇರುವುದು ಅಷ್ಟೇ, ಒಂದು ಕೆಮ್ಮು, ಡ್ರಮ್ಮಿನ ನಡುವೆ.

ಆ ಟ್ಯೂನನ್ನು ಜನ ಮೊದಲು ಕೇಳಿದ್ದು ನನ್ನ ಅಕ್ಕನ ಮಗಳ ಮದುವೆಯಲ್ಲಿ. ಅವಳು ಇಲ್ಲಿ ನರ್ಸ್. ಶುಕ್ರವಾರ ಮಧ್ಯಾಹ್ನದ ರಿಸೆಪ್ಶನ್, ಅದ್ಲಿಯಾದ ಒಂದು ಹಾಲಿನಲ್ಲಿ. ಗ್ರ್ಯಾಂಡ್ ಮಾರ್ಚ್ ಆಯಿತು, ಟೋಸ್ಟ್ ಆಯಿತು, ಮದುಮಕ್ಕಳ ವಾಲ್ಟ್ಸ್ ಆಯಿತು, ಬೈಲಾ ಕುಣಿತ ಆಯಿತು. ಹಮೀದ್ ಸ್ಪೀಕರ್ ಪಕ್ಕದಿಂದ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಟೇಪ್ ಹಾಕಿದರು.

ಧಂ ಧಂ ಧಂ ಧಂ. ಯುವಕರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂಜರಿಯುತ್ತಾ ಕುಣಿಯಲು ಶುರುಮಾಡಿದರು. ಮುದುಕರು "ಇದೆಂಥದ್ದು ಮಾರಾಯ, ಮೋಟರ್ ಹಾಳಾಯ್ತಾ?" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಇಡೀ ಹಾಲ್ ಬಿಸಿಯಾಯಿತು, ಸೀರೆ ಉಟ್ಟವರೂ ಇಳಿದರು. ಆಗ ಬಂತು ನೋಡಿ, ಉಸ್ತಾದರಿಂದ ಕಲಿತ ಆ ಕೆಲಸ. ಎಲ್ಲ ತೆಗೆದುಬಿಡುವುದು. ಡ್ರಮ್ ನಿಂತಿತು. ಇಡೀ ಹಾಲಿನಲ್ಲಿ ನನ್ನ ನಾಲ್ಕು ಕಾರ್ಡು ಮಾತ್ರ.

ನಮ್ಮವರು ಏನು ಮಾಡಿದರು ಅಂದುಕೊಂಡಿರಿ? ಕುಣಿಯುತ್ತಿದ್ದವರು ಇದ್ದಲ್ಲೇ ನಿಂತು ಕೈ ಜೋಡಿಸಿದರು. ಕೂತವರು ಎದ್ದರು. ವಾರವಾರವೂ ಆ ಕಾರ್ಡುಗಳಿಗೆ ಎದ್ದುನಿಂತ ಜನ, ಪಾಪ! ಹೆಡ್ ಟೇಬಲ್ಲಿನಲ್ಲಿದ್ದ ಫಾದರ್ ಕುರ್ಚಿ ಹಿಂದಕ್ಕೆ ಸರಿಸಿ, ಶಿಲುಬೆಯ ಗುರುತು ಮಾಡಿ, ಊಟದ ಪ್ರಾರ್ಥನೆ ಶುರುಮಾಡಿಯೇ ಬಿಟ್ಟರು.

ಹಮೀದರ ಮುಖದಲ್ಲಿ ರಕ್ತವೇ ಇಲ್ಲ. ಅವರು ನಮ್ಮ ಪ್ರಾರ್ಥನೆಗೆ ಅಪಮಾನ ಮಾಡಿಬಿಟ್ಟೆ ಅಂತ ತಿಳಿದುಕೊಂಡಿದ್ದರು. ಟೇಪ್ ನಿಲ್ಲಿಸಿದರೆ ಪ್ರಾರ್ಥನೆಯ ಮ್ಯೂಸಿಕ್ ನಿಲ್ಲುತ್ತದೆ. ನಿಲ್ಲಿಸದಿದ್ದರೆ ಇನ್ನೇನು ಡ್ರಮ್ ಬರುತ್ತದೆ, ಫಾದರ್ ಬಾಯಲ್ಲಿ ದೇವರ ಹೆಸರಿರುವಾಗಲೇ. ಅವರ ಬೆರಳು ಬಟನ್ ಮೇಲೆ ಬಂತು. ನಾನು ದೂರದಿಂದಲೇ ಬೇಡ, ಬೇಡ ಅಂತ ಕೈ ಮಾಡಿದೆ. ಸಿಸ್ಟರ್ ಆ ದಿನ ಕಾರಿಡಾರಿನಲ್ಲಿ ಸ್ವಲ್ಪ ನಿಧಾನವಾಗಿ ನಡೆದಿದ್ದರೇನೋ, ಕೊನೆಯ ಕಾರ್ಡ್ ಎಳೆಯಿತು, ಎಳೆಯಿತು. ಫಾದರ್ "ಆಮೆನ್" ಎಂದರು. ಧಂ!

ಅಯ್ಯೋ, ಆ ಹಾಲ್ ಸಿಡಿದ ರೀತಿ! ಪ್ರಾರ್ಥನೆ ಮುಗಿಯಿತು ಅಂತ ಕೇಟರಿಂಗಿನವರು ಬಿರಿಯಾನಿಯ ಮುಚ್ಚಳ ತೆಗೆದರು. ಜನ ಕುಣಿಯುತ್ತಲೇ ಸಾಲು ನಿಂತರು, ಪ್ಲೇಟನ್ನು ತಲೆಯ ಮೇಲೆ ಎತ್ತಿಕೊಂಡು. ನನ್ನ ಅತ್ತೆ, ಮೊಣಕಾಲು ನೋವು ಅಂತ ಗ್ರ್ಯಾಂಡ್ ಮಾರ್ಚಿಗೂ ಏಳದವರು, ಸಲಾಡ್ ಟೇಬಲ್ಲಿನ ಮುಂದೆ ಸೊಂಟ ಆಡಿಸುತ್ತಿದ್ದರು. ವಾಲ್ಟರ್ ನನ್ನ ಕಿವಿಯಲ್ಲಿ, "ನಿನ್ನ ಬ್ಯಾರಿ ಇವತ್ತು ಕನ್ವರ್ಟ್ ಮಾಡಿದ್ದು ಯಾರನ್ನು ಯಾವುದಕ್ಕೆ ಅಂತ ನನಗೆ ಗೊತ್ತಾಗ್ತಾ ಇಲ್ಲ" ಎಂದರು.

ಎಲ್ಲರಿಗೂ ಖುಷಿ. ಹಮೀದಿಗೆ ಮಾತ್ರ ಇಲ್ಲ. ವೈರ್ ಸುತ್ತುತ್ತಾ ಕೇಳಿದರು, "ಬಾಯಮ್ಮ, ನಿಜ ಹೇಳಿ. ಜನ ನನ್ನ ಟ್ಯೂನಿಗೆ ಕುಣಿದ್ರಾ, ಬಿರಿಯಾನಿಗೆ ಕುಣಿದ್ರಾ?"

"ಎರಡಕ್ಕೂ" ಎಂದೆ.

"ಅದು ಉತ್ತರ ಅಲ್ಲ. ಉಸ್ತಾದ್ ಕೇಳಿದ್ರೆ ಹೇಳ್ತಾರೆ."

ಉಸ್ತಾದ್ ಎಲ್ಲಿ, ಇವರೆಲ್ಲಿ? ವರ್ಷಗಳು ಹೋದವು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿಯೂ ಹೋಯಿತು. ಹಮೀದ್ ಆ ಟ್ಯೂನನ್ನು ಒಂದರಿಂದ ಇನ್ನೊಂದಕ್ಕೆ ಹೊತ್ತುಕೊಂಡು ಬಂದರು, ಮನೆ ಬದಲಿಸುವವರು ಕುಕ್ಕರ್ ಹೊತ್ತುಕೊಂಡು ಹೋಗುವ ಹಾಗೆ. ಎರಡನೆಯದನ್ನು ಮಾಡಲೇ ಇಲ್ಲ. "ಒಂದು ಸರಿಯಾ ಅಂತ ಗೊತ್ತಾಗದೆ ಇನ್ನೊಂದು ಹೇಗೆ ಮಾಡುದು?" ರೇಡಿಯೋದಲ್ಲಿ ಯಾವ ಹೊಸ ಡ್ಯಾನ್ಸ್ ಹಾಡು ಬಂದರೂ ಬೆರಳು ಎತ್ತಿ, "ಆ ಪಿಯಾನೋ ಉಸ್ತಾದರದ್ದು. ಆ ತೆಗೆಯುವ ರೀತಿ ಕೂಡ ಉಸ್ತಾದರದ್ದು. ಎಲ್ಲರೂ ಅವರ ಮನೆಯ ಅಕ್ಕಿಯಲ್ಲೇ ಗಂಜಿ ಮಾಡುದು" ಎನ್ನುತ್ತಿದ್ದರು. ಮೊದಮೊದಲು ನಗುತ್ತಿದ್ದೆವು. ಆಮೇಲೆ ನಮಗೂ ಕಿವಿಗೆ ಬೀಳಲು ಶುರುವಾಯಿತು. ಟ್ಯಾಕ್ಸಿಯಲ್ಲಿ, ಸೂಪರ್ ಮಾರ್ಕೆಟ್ಟಿನಲ್ಲಿ, ಏರೋಪ್ಲೇನ್ ಇಳಿಯುವಾಗ ಕೂಡ. ಅದೇ ನಾಲ್ಕು ಪೆಟ್ಟು, ಅದೇ ತಡೆದು ನಿಲ್ಲಿಸುವ ಉಸಿರು.

ಈಗ ನಾನು ಮಗಳ ಮನೆಯಲ್ಲಿ, ಅದ್ಲಿಯಾದಲ್ಲಿ, ವಾಕರ್ ಹಿಡಿದುಕೊಂಡು ಓಡಾಡುವವಳು. ಕಳೆದ ಚಳಿಗಾಲದಲ್ಲಿ ಹಮೀದ್ ಅಂಗಡಿ ಮುಚ್ಚಿದರು. ವೀಸಾ ಕ್ಯಾನ್ಸಲ್ ಮಾಡಿಸಿ ಶಾಶ್ವತವಾಗಿ ಊರಿಗೆ ಹೊರಟಿದ್ದರು. ಅದೇ ವಾರ ನನ್ನ ಮೊಮ್ಮಗಳು ರಿಯಾ ಫೋನ್ ಹಿಡಿದುಕೊಂಡು ಓಡಿಬಂದಳು. "ಗ್ರ್ಯಾನಿ! ಹಮೀದ್ ಅಂಕಲ್ ಹೇಳುವ ಆ ಶಿಕಾಗೋ ಮ್ಯಾನ್ ಇವರೇನಾ? ಹೀ ಈಸ್ ಕಮಿಂಗ್ ಹಿಯರ್! ಬುದಯ್ಯ ಬೀಚಿನಲ್ಲಿ, ಸಂಜೆ ಶೋ!"

ನಾನು ಫೋನ್ ಮಾಡಿದೆ. ಆ ಕಡೆ ಪೆಟ್ಟಿಗೆಗಳನ್ನು ಎಳೆದಾಡುವ ಸದ್ದು ಕೇಳಿತು. ಆಮೇಲೆ, "ಬಾಯಮ್ಮ, ನನ್ನ ಒಳ್ಳೆಯ ಶರಟು ಎಲ್ಲ ಪ್ಯಾಕ್ ಆಗಿದೆ" ಎಂದರು.

ಪ್ಯಾಕ್ ಬಿಚ್ಚಿ ಶರಟು ತೆಗೆದರು. ರಿಯಾಳ ಫ್ರೆಂಡ್ ಒಬ್ಬಳು ಶೋ ನಡೆಸುವವರ ಜೊತೆ ಕೆಲಸ ಮಾಡುತ್ತಿದ್ದಳು. ಕಾಡಿ ಬೇಡಿ ಸ್ವಲ್ಪ ಹೊತ್ತು ಸಿಕ್ಕಿತು. ಸೂರ್ಯ ಇನ್ನೂ ಸಮುದ್ರದ ಮೇಲೆ ಇದ್ದ. ಟೆಂಟಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಉಸ್ತಾದ್ ಕೂತಿದ್ದರು, ನಮ್ಮಷ್ಟೇ ಮುದುಕರು. ಮೊಣಕಾಲಿಗೆ ಪಟ್ಟಿ, ತೊಡೆಯ ಮೇಲೆ ಕಲ್ಲಂಗಡಿಯ ಪ್ಲೇಟ್. ನಲವತ್ತು ವರ್ಷ ಇಂಗ್ಲಿಷಿನಲ್ಲಿ ಭಾಷಣ ತಯಾರಿ ಮಾಡಿದ್ದ ಹಮೀದರ ಬಾಯಲ್ಲಿ ಬಂದದ್ದು "ಅಸ್ಸಲಾಮು ಅಲೈಕುಮ್" ಒಂದೇ.

"ವಅಲೈಕುಮ್ ಅಸ್ಸಲಾಂ, ಬ್ರದರ್" ಎಂದರು ಅವರು. ನಾನು ಬಹ್ರೇನಿನಲ್ಲಿ ಕೇಳಿದ ಅತ್ಯಂತ ಚಂದದ ಸಲಾಂ ಅದು.

ರಿಯಾ ಹೆಡ್‌ಫೋನ್ ಕೊಟ್ಟಳು. ಅವರು ಕಣ್ಣು ಮುಚ್ಚಿ ಕೇಳಿದರು, ಪೂರ್ತಿ. ಯಾರೋ ಬಂದು ವಾಚು ತೋರಿಸಿದರು. ಕೈ ಎತ್ತಿ ತಡೆದರು. ಕಲ್ಲಂಗಡಿಗೆ ನೊಣ ಮುತ್ತಿತು. ಹಮೀದ್ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತು ಬಿತ್ತು.

"ಕೀಸ್ ಯಾರು, ಈ ಪಿಯಾನೋ?" ಉಸ್ತಾದ್ ಕೇಳಿದರು.

ಹಮೀದ್ ನನ್ನನ್ನು ತೋರಿಸಿದರು. "ಲೇಡಿ, ಆ ಕೊನೆಯ ಕಾರ್ಡನ್ನು ಅಷ್ಟು ಹೊತ್ತು ಹಿಡಿಯಲಿಕ್ಕೆ ಧೈರ್ಯ ಬೇಕು." ನಾನು, ಎಪ್ಪತ್ತೆಂಟರ ಹೆಂಗಸು, ಸ್ಕೂಲ್ ಹುಡುಗಿಯ ಹಾಗೆ ಕೆಂಪಾದೆ.

ಆಮೇಲೆ ಅವರು ಹಮೀದ್ ಕಡೆ ತಿರುಗಿದರು. ಮೃದುವಾಗಿಯೇ ಮಾತಾಡಿದರು. "ಡ್ರಮ್ ನನ್ನದು. ಚಪ್ಪಾಳೆ ನನ್ನದು. ಬಾಸ್ ನನ್ನ ಒಬ್ಬ ಗೆಳೆಯನದ್ದು, ಅವನು ಈಗಿಲ್ಲ. ಕೀಸ್ ಈ ಲೇಡಿಯದ್ದು. ಕೆಮ್ಮುವವರು ಯಾರೋ ಗೊತ್ತಿಲ್ಲ, ಆದರೆ ಅವರೂ ಇದ್ದಾರೆ. ನೀನೆಲ್ಲಿದ್ದಿ, ಬ್ರದರ್?"

ಹಮೀದ್ ಹೆಡ್‌ಫೋನ್ ತೆಗೆದುಕೊಂಡು ಅದರ ವೈರ್ ಸುತ್ತತೊಡಗಿದರು. ವಾಚು ತೋರಿಸಿದವರು ಮತ್ತೆ ಬಂದು ಉಸ್ತಾದರನ್ನು ಸ್ಟೇಜಿಗೆ ಕರೆದುಕೊಂಡು ಹೋದರು.

ಕಾರಿನಲ್ಲಿ ರಿಯಾ ಕುದಿಯುತ್ತಿದ್ದಳು. "ಸೋ ರೂಡ್! ನಲವತ್ತು ವರ್ಷ ಕಾದವರಿಗೆ ಹೀಗಾ ಹೇಳುವುದು?" ನಾನು ಹಿಂದಿನ ಸೀಟಿನಲ್ಲಿದ್ದೆ. ಮುಂದೆ ಕೂತ ಹಮೀದರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ತಿರುಗಿದಾಗ ನೋಡಿದರೆ ನಗು!

"ಒಂದೊಂದನ್ನೂ ಗುರ್ತ ಹಿಡಿದ್ರು, ಬಾಯಮ್ಮ! ಡ್ರಮ್ಮು, ಬಾಸು, ಪೊರ್ಬುಗಳ ಕೆಮ್ಮು ಕೂಡ! ಸುಮ್ಮನೆ ಚೆಂದ ಉಂಟು ಅಂತ ಬೆನ್ನು ತಟ್ಟಿ ಕಳಿಸಿದ್ರೆ ನಾನು ಇವತ್ತು ಸತ್ತುಹೋಗ್ತಿದ್ದೆ. ಅವರು ನನ್ನನ್ನು ಹುಡುಕಿದ್ರು. ನಾನು ಸಿಗ್ಲಿಲ್ಲ. ತಪ್ಪು ಯಾರದ್ದು?"

ಆಮೇಲೆ, ಅಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ ಒಂದು ಮಾತು ಹೇಳಿದರು. ಅವರ ತಂದೆ ಉಳ್ಳಾಲದಲ್ಲಿ ದಫ್ ಎಂಬ ಚರ್ಮವಾದ್ಯದ ತಂಡದ ಮುಂದಾಳು. ಮದುವೆ ಮನೆಯಲ್ಲಿ, ಮೌಲೂದಿನಲ್ಲಿ ಸಾಲಾಗಿ ಕೂತು ದಫ್ ಬಾರಿಸುವಾಗ ತಂದೆಯ ಪಕ್ಕದಲ್ಲಿ ಇವರೂ ಕೂತು ಬಾರಿಸಿದವರು. "ಮಿಶಿನಿನ ಪಕ್ಕ ಅದನ್ನು ಇಡ್ಲಿಕ್ಕೆ ನಾಚಿಕೆ ಆಯ್ತು. ಉಸ್ತಾದ್ ಕೇಳಿದ್ರೆ ಹಳ್ಳಿಯವ ಅಂತ ಹೇಳ್ತಾರೆ ಅಂತ."

ಟಿಕೆಟ್ ಮುಂದೆ ಹಾಕಿದರು. ಮನಾಮಾದ ಬ್ಯಾರಿ ಹುಡುಗರ ತಂಡದಿಂದ ಒಂದು ದಫ್ ಕೇಳಿ ತಂದರು. ಅವರ ಮನೆ ಖಾಲಿ; ಹಾಗಾಗಿ ನಮ್ಮ ಹಾಲೇ ಸ್ಟುಡಿಯೋ. ಸಮುದ್ರದ ತೇವಕ್ಕೆ ಚರ್ಮ ಸಡಿಲವಾಗುತ್ತಿತ್ತು. ಊರಲ್ಲಾದರೆ ಬೆಂಕಿಗೆ ಹಿಡಿಯುತ್ತಾರಂತೆ; ಇಲ್ಲಿ ರಿಯಾ ತನ್ನ ಹೇರ್ ಡ್ರೈಯರ್ ತಂದಳು. ಮೊದಲ ದಿನ ಅಂಗೈ ಊದಿತು, ಎರಡನೆಯ ದಿನ ಬೆರಳು ಮಡಚಲಾಗಲಿಲ್ಲ. ಮಗಳು ಸಿಟ್ಟಿನಿಂದ ಐಸ್ ತಂದಿಟ್ಟಳು. "ಅಂಕಲ್, ಈ ವಯಸ್ಸಿನಲ್ಲಿ!"

"ಈ ವಯಸ್ಸಿನಲ್ಲೇ, ಮಗಾ. ಇನ್ನು ಯಾವಾಗ?" ದೇವರ ಹೆಸರು, ದಫ್ಫಿನ ಜೊತೆ ಹಾಡುವ ಬೈತು ಯಾವುದನ್ನೂ ಅದರಲ್ಲಿ ತರಲಿಲ್ಲ. ಪೆಟ್ಟು ಮಾತ್ರ.

ಮುಗಿದ ದಿನ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದರು. ಮಿಶಿನಿನ ಡ್ರಮ್ ಇರಲಿಲ್ಲ. ಚಪ್ಪಾಳೆ ಇಲ್ಲ, ಬಾಸ್ ಇಲ್ಲ. ಮೊದಲಿಗೆ ಚರ್ಮದ ಮೇಲೆ ಬೆರಳು ಸವರಿದ ಸದ್ದು. ಆಮೇಲೆ ನಾಲ್ಕು ಪೆಟ್ಟು. ನಾಲ್ಕೂ ಒಂದೇ ಅಲ್ಲ! ನಾಲ್ಕನೆಯದು ಕೂದಲೆಳೆಯಷ್ಟು ತಡವಾಗಿ, ದೋಣಿಯಿಂದ ಮರಳಿಗೆ ಕಾಲಿಡುವವರ ಹಾಗೆ. ಒಂದು ದಫ್ಫಿನ ಮೇಲೆ ಇನ್ನೊಂದು, ಮತ್ತೊಂದು, ಒಬ್ಬರೇ ಬಾರಿಸಿದ ಒಂದು ಇಡೀ ಸಾಲು. ಏರಿತು, ಏರಿತು, ಆಗ ನನ್ನ ಪಿಯಾನೋ. ಮತ್ತೆ ಆ ಕೆಮ್ಮು. ಮೈ ಗಾಡ್, ನಾನು ವಾಕರ್ ಬಿಟ್ಟು ನಿಂತಿದ್ದೆ!

"ಉಸ್ತಾದರಿಗೆ ಕಳಿಸೋಣ ಅಂಕಲ್, ಈಗಲೇ!" ರಿಯಾ ಲ್ಯಾಪ್‌ಟಾಪ್ ಎಳೆದುಕೊಂಡಳು.

ಹಮೀದ್ ಐಸಿನಲ್ಲಿ ಕೈ ಇಟ್ಟುಕೊಂಡೇ ಯೋಚಿಸಿದರು. "ಬೇಡ ಮಗಾ. ಅವರು ಕೇಳಿದ್ದು ನಾನೆಲ್ಲಿ ಅಂತ. ನನಗೆ ಸಿಕ್ಕಿತಲ್ಲ. ಇನ್ನು ಅವರನ್ನು ಯಾಕೆ ತೊಂದರೆ ಮಾಡುದು?"

ಎರಡು ದಿನ ಬಿಟ್ಟು ಲಿಫ್ಟಿನ ಬಾಗಿಲಲ್ಲಿ ಬೀಳ್ಕೊಟ್ಟೆ. ಊದಿದ ಕೈಯಲ್ಲಿ ಕೈ ಕುಲುಕಲಾಗದೆ ಮೊಣಕೈ ಚಾಚಿದರು. "ಬಾಯಮ್ಮ, ಎರಡನೆಯದು ಊರಲ್ಲಿ ಮಾಡ್ತೇನೆ. ಪಿಯಾನೋ ಪ್ರಾಕ್ಟಿಸ್ ಬಿಡಬೇಡಿ" ಎಂದರು.

ರಂಜಾನಿನ ನಂತರ ಅವರ ಮಗನ ಫೋನ್ ಬಂತು. ಬೆಳಗಿನ ನಮಾಜು ಮುಗಿಸಿ, ಚಾ ಕುಡಿಯುತ್ತಾ ಕೂತಲ್ಲೇ ಹೋದರಂತೆ.

ಹೋದ ವಾರ ರಿಯಾಳ ಫೋನಿಗೆ ಒಂದು ಮೆಸೇಜ್ ಬಂದಿದೆ. ಉಸ್ತಾದರದ್ದೇ, ಅವಳ ಆ ಫ್ರೆಂಡಿನ ಮೂಲಕ. ಬೀಚಿನಲ್ಲಿ ಸಿಕ್ಕಿದ ಆ ಬ್ರದರ್ ಏನಾದರೂ ಮಾಡಿದರಾ, ನನಗೆ ಅವರ ಟ್ಯೂನ್ ತಲೆಯಿಂದ ಹೋಗುತ್ತಿಲ್ಲ ಅಂತ ಕೇಳಿದ್ದಾರೆ. ನಾವಿಬ್ಬರೂ ಅದನ್ನು ಎಷ್ಟೋ ಸಲ ಓದಿದೆವು.

"ಏನು ಬರೀಲಿ, ಗ್ರ್ಯಾನಿ? ಫೈಲ್ ಕಳಿಸ್ಲಾ?"

"ಬೇಡ. ಅವರೇ ಬೇಡ ಅಂದಿದ್ದಾರಲ್ಲ. ಬರಿ: ಹಮೀದ್ ತೀರಿಕೊಂಡರು. ಹೋಗುವ ಮೊದಲು ಹೊಸದಾಗಿ ಮಾಡಿ ಮುಗಿಸಿದರು. ಅದರಲ್ಲಿ ನಿಮ್ಮದು ಏನೂ ಇಲ್ಲ."

ರಿಯಾ ಟೈಪ್ ಮಾಡಿ ತಡೆದಳು. "ಕೊನೆಯ ಲೈನ್ ಸ್ವಲ್ಪ ರೂಡ್ ಆಗುದಿಲ್ವಾ?"

"ಕಳಿಸು ಮಗಾ" ಎಂದೆ. "ಅವರಿಗೆ ಕುಣಿಯುವಷ್ಟು ಖುಷಿಯಾಗ್ತದೆ."